ಏಳು, ಹದಿನೇಳು

ಗುದೇಬಿಯಾದ ಕರಕ್ ಅಂಗಡಿಯಲ್ಲಿ ಮತ್ತೆ ಅದೇ ತಕರಾರು.
ಹುಡುಗರು ಎರಡು ಸಕ್ಕರೆ ಪೊಟ್ಟಣ ಎದುರುಬದುರು ನಿಲ್ಲಿಸಿ
ಇದು ಪ್ರಾಸ್ಪರ್, ಇದು ಚಲುವರಾಜ ಎಂದು
ಕಂಡಿರದವರ ಬಗ್ಗೆ ಕಂಡವರ ಹಾಗೆ ಕೂಗಾಡುತ್ತಾರೆ.
ಏರುಗಾಲದಲ್ಲಿ ಯಾರು ಮೇಲು?
ನೀವೇ ಹೇಳಿ ಅಂಕಲ್, ಪುಸ್ತಕ ಬರೆದವರು ನೀವು.

ಹೌದು, ಬರೆದವನು ನಾನೇ.
ಹನ್ನೊಂದು ವರ್ಷ, ಶುಕ್ರವಾರ ರಾತ್ರಿ,
ಶಾಲೆಯ ಹಿಂದಿನ ಸಿಮೆಂಟಂಗಳ,
ಮಡಿಸುವ ಮೇಜು, ಎರಡು ಪೆನ್ನು, ಒಂದು ಟವೆಲ್ಲು.
ಹಗಲು ಕೋಲ್ಡ್ ಸ್ಟೋರಿನ ಲೆಕ್ಕ, ರಾತ್ರಿ ಇವರ ಲೆಕ್ಕ.
ಉದ್ರಿ ಎಲ್ಲಿ ಬರೆಯಬೇಕೆಂದು
ಹಗಲಿನ ಪುಸ್ತಕದಲ್ಲಿ ಮಾತ್ರ ಜಾಗವಿತ್ತು.

ಚಲುವರಾಜನನ್ನು ಹೇಳುವುದು ಕಷ್ಟ.
ಮಂಡ್ಯದವನು, ಏಸಿ ಡಕ್ಟು ಜೋಡಿಸುವವನು,
ಮೊಣಕೈವರೆಗೂ ತಗಡಿನ ಗೀರು.
ಇಪ್ಪತ್ತೆರಡು, ಇಪ್ಪತ್ತು, ಇಪ್ಪತ್ತಮೂರು, ಇಪ್ಪತ್ತೆರಡು,
ಎಂಟು ವರ್ಷದ ಯಾವ ಪುಟ ತೆಗೆದರೂ ಅಷ್ಟೇ,
ತಿಂಗಳ ಅಕ್ಕಿಯ ಹಾಗೆ.
ಇವನ ಶಿಖರ ತೋರಿಸು ಅಂದರೆ ಏನು ತೋರಿಸಲಿ?
ಎಲ್ಲಿ ನೋಡಿದರೂ ಬಯಲು.
ಆ ಬಯಲು ಎಷ್ಟು ಎತ್ತರದಲ್ಲಿತ್ತೆಂದು
ಅವನು ಜ್ವರ ಬಂದು ಮಲಗಿದ ಎರಡು ವಾರ ಗೊತ್ತಾಯಿತು.

ಪ್ರಾಸ್ಪರ್ ಮೊಂತೇರೊ ಬೇರೆ ತಳಿ.
ಹಿದ್ದ್ ಡ್ರೈಡಾಕಿನಲ್ಲಿ ಹಡಗಿನ ಹೊಟ್ಟೆ ಕೆರೆಯುವ ಕೆಲಸ.
ಮೂರು ವರ್ಷ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿಂದ.
ನಾಲ್ಕನೆಯ ಚಳಿಗಾಲ ಏನಾಯಿತೋ,
ನೆಲ ಅವನನ್ನು ಇಟ್ಟುಕೊಳ್ಳಲಿಲ್ಲ.
ನವೆಂಬರಿನಿಂದ ಫೆಬ್ರವರಿ, ಹದಿನಾಲ್ಕೇ ಆಟ.
ಚೆಂಡು ಅವನ ಬೆರಳು ಬಿಡುವ ಮೊದಲೇ
ನನ್ನ ಪೆನ್ನು ಕಾಗದ ಮುಟ್ಟಿರುತ್ತಿತ್ತು.
ಬಲೆಯಿಲ್ಲದ ರಿಂಗು; ಒಳಗೆ ಹೋದದ್ದಕ್ಕೆ ಸದ್ದಿಲ್ಲ,
ಎದುರಿನವರು ತಲೆ ಬಗ್ಗಿಸಿದರೆ, ಸರಿ, ಹೋಯಿತು.

ನಲವತ್ತೊಂದು! ಒಬ್ಬ ಪೊಟ್ಟಣ ಕುಟ್ಟುತ್ತಾನೆ.
ಒಂದೇ ರಾತ್ರಿ ನಲವತ್ತೊಂದು,
ಸಿತ್ರಾದ ರೊಡೆಲನ ನಲವತ್ತನ್ನು ಮುರಿದದ್ದು!

ಆ ರಾತ್ರಿ ಸಮುದ್ರದಿಂದ ಮಂಜು ಬಂದಿತ್ತು.
ಕಂಬದ ದೀಪಗಳು ಕದಡಿದ ಮಜ್ಜಿಗೆ,
ಕಾಗದ ಮಳೆಗಾಲದ ಹಪ್ಪಳ.
ಚೆಂಡನ್ನು ಪ್ರತಿ ಸಲ ಟವೆಲ್ಲಿನಲ್ಲಿ ಒರೆಸಿ ಕೊಡುತ್ತಿದ್ದೆ.
ಕೊನೆಯ ನಿಮಿಷ. ಪ್ರಾಸ್ಪರ್ ಎಸೆದ, ತಪ್ಪಿತು.
ಗುಂಪಿನೊಳಗಿಂದ ಒಂದು ಕೈ ಎದ್ದು ಅದನ್ನು ಒಳಗೆ ತಳ್ಳಿತು,
ಗೀರಿದ್ದ ಕೈ.
ನಾನು ಹದಿನೇಳು ಎಂದೇ ಬರೆದೆ.
ಮುಂದಿನ ಒಂದು ಹತ್ತಲಿಲ್ಲ,
ಒದ್ದೆ ಕಾಗದ ಶಾಯಿ ಹಿಡಿಯಲಿಲ್ಲ. ಉಳಿದದ್ದು ಏಳು.
ಏಳು ಪ್ರಾಸ್ಪರನ ಅಂಗಿ.

ಕೂಡಿಸಿದವನು ನಲವತ್ತೊಂದು ಎಂದು ಕೂಗಿದ.
ನಾನು ಬಾಯಿ ತೆರೆಯುವಷ್ಟರಲ್ಲಿ
ಪ್ರಾಸ್ಪರ್ ಹತ್ತು ಜನರ ಹೆಗಲ ಮೇಲಿದ್ದ,
ಅಳುತ್ತಿದ್ದ, ಒಂದು ಕಾಲಿನ ಶೂ ಬಿದ್ದುಹೋಗಿತ್ತು.

ಕ್ಯಾಪ್ಟನ್ ಸಹಿ ಬೇಕು. ಚಲುವರಾಜ ಬಂದ.
ಪುಟ ನೋಡಿದ. ಕೊನೆಯ ಸಾಲಿನ ಮೇಲೆ ಅವನ ಬೆರಳು ನಿಂತಿತು,
ಬೆರಳಿನಿಂದ ಒಂದು ಹನಿ ಬೆವರು ಇಳಿಯುವಷ್ಟು ಹೊತ್ತು.
ಪೆನ್ನು ಬರೀತದಾ? ಅಂತ ಕೇಳಿದ.
ಟವೆಲ್ಲಿನ ಅಂಚಿನಲ್ಲಿ ಗೀಚಿ ನೋಡಿದ.
ಕನ್ನಡದಲ್ಲೇ ಸಹಿ ಹಾಕಿದ, ದೊಡ್ಡ ಚ.
ಮತ್ತೆ ಹೋಗಿ ಆ ಶೂ ಹುಡುಕಿದ.

ಮಾರ್ಚಿನಲ್ಲಿ ಪ್ರಾಸ್ಪರನ ಕಂಪನಿ ಅವನನ್ನು ಸೊಹಾರಿಗೆ ಕಳಿಸಿತು.
ಅಲ್ಲಿ ಆಡಲಿಲ್ಲವಂತೆ.
ಚಲುವರಾಜ ಇನ್ನೂ ನಾಲ್ಕು ವರ್ಷ
ಇಪ್ಪತ್ತೆರಡು, ಇಪ್ಪತ್ತೊಂದು.

ಪುಸ್ತಕ ನನ್ನ ಡ್ರಾಯರಿನಲ್ಲಿದೆ.
ಏಳರ ಪಕ್ಕದ ಖಾಲಿಯನ್ನು ಉಗುರಿನಲ್ಲಿ ಸವರಿದರೆ
ಸಣ್ಣ ತಗ್ಗು ಸಿಗುತ್ತದೆ,
ನೆಟ್ಟಗೆ, ಒಂದರಷ್ಟು ಉದ್ದ.

ಹೇಳಿ ಅಂಕಲ್, ಯಾರು?
ಸಕ್ಕರೆ ಮೊದಲೇ ಬಿದ್ದಿರುವ ಚಹಾಕ್ಕೆ
ಕೈಗೆ ಸಿಕ್ಕ ಪೊಟ್ಟಣ ಹರಿದು ಸುರಿದೆ.
ನಲವತ್ತೊಂದೇ, ಅಂದೆ.
ಬರೆದಿರುವುದು ಅದೇ.